ಒಂದು ಸೊನ್ನೆಯ ಜಾಗ

ಚದರಡಿಗೆ ಹನ್ನೆರಡು ರೂಪಾಯಿ,
ಚೌಕಟ್ಟು ಬೇಕೆಂದರೆ ಬೇರೆ ಲೆಕ್ಕ.
ಶಿಡ್ಲಘಟ್ಟದ ಮುಖಗಳೆಲ್ಲ ನನ್ನ ಮಷೀನಿನಿಂದಲೇ ಹೊರಬಿದ್ದಿವೆ,
ನಾಮಕರಣ, ನಿಧನ, ನಾಯಕರ ಹುಟ್ಟುಹಬ್ಬ.
ಲೋಹಿತ್ ಸೊಣ್ಣಪ್ಪನೂ ಹಾಗೇ ಬಂದ,
ಪೆನ್‌ಡ್ರೈವಿನಲ್ಲಿ,
ಬಚ್ಚಣ್ಣನ ಜೇಬಿನಿಂದ.

'ಇಪ್ಪತ್ತಡಿ ನಿಲ್ಲಬೇಕು ಹುಡುಗ.
ರೇಷ್ಮೆಗೂಡಿಗೆ ಫೋನು ಹಿಡಿದರೆ ಸಾಕು,
ನೂಲೆಷ್ಟು, ರೇಟೆಷ್ಟು, ಅದೇ ಹೇಳ್ತದೆ.
ಜಪಾನಿನವರು ಬಂದು ಕೈಮುಗಿದವ್ರೆ.'
ಕೈಮುಗಿದದ್ದು ನಾನು ನೋಡಿಲ್ಲ.
ಹಿಂದೊಂದು ಭೂಗೋಳ ಇಟ್ಟೆ,
ಪಕ್ಕಕ್ಕೊಂದು ರಾಕೆಟ್ಟು,
ಮೂಗಿನ ಮೇಲೆ ಅಮ್ಮ ಬಿಟ್ಟುಹೋದ ಕಲೆ ಒರೆಸಿದೆ.
ಬೆಳ್ಳಗೆ ಮಾಡು ಅಂದರು, ಮಾಡಿದೆ.
ಇನ್ನೂ ಅಂದರು.
ಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುವ ಅವರಪ್ಪ
ಬಾಗಿಲಲ್ಲಿ ನಿಂತು ನೋಡಿ
'ಯಾರ ಮಗನಪ್ಪ ಇವನು' ಅಂತ ಕೇಳಿ ಹೋದ.

'ನೂರು ಕೋಟಿಯ ಒಡೆಯ' ಅಂತಿತ್ತು ಚೀಟಿಯಲ್ಲಿ.
ಅಂಕಿಯಲ್ಲಿ ಹಾಕಿದೆ, ೧೦೦.
ಬಚ್ಚಣ್ಣ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ
'ಬಲಕ್ಕೆ ಖಾಲಿ ಹೊಡೀತದಲ್ಲೋ' ಅಂದ.
ಹೊಡೀತಿತ್ತು, ಸುಳ್ಳಲ್ಲ.
'ಇನ್ನೊಂದು ಸೊನ್ನೆ ಹಾಕು, ತುಂಬ್ಕೊಳ್ತದೆ.'

ಹಾಕಿದೆ.
ನಿಮ್ಮಾಣೆ, ಅಷ್ಟೇ ನಡೆದದ್ದು.
ಒಂದು ಬೆರಳು, ಇನ್ನೊಂದು ಕೈಯಲ್ಲಿ ಟೀ.
ಸೊನ್ನೆಗೆ ನಾನು ದುಡ್ಡು ಹಿಡಿಯಲಿಲ್ಲ.

ಬೆಳಗ್ಗೆ ಕೋಟೆ ಸರ್ಕಲ್ಲಿನಲ್ಲಿ ಅವನು ಎದ್ದು ನಿಂತ.
ಹತ್ತಕ್ಕೆ ಚಿಂತಾಮಣಿ ಬಸ್ಸಿನ ಕಂಡಕ್ಟರು, ಸಾವಿರ ಕೋಟಿಯಂತೆ.
ಮಧ್ಯಾಹ್ನ ಬ್ಯಾಂಕಿನ ಮ್ಯಾನೇಜರು, ಹೆಚ್ಚೇ ಇರಬೇಕು ರೀ.
ಮಾರನೇ ದಿನ ಪತ್ರಿಕೆ, 'ಮೂಲಗಳ ಪ್ರಕಾರ'.
ಮೂಲ ನಾನು.
ನನ್ನ ಸೊನ್ನೆಯನ್ನು ನಾನೇ ಓದಿದೆ,
ನಂಬಿದೆ ಕೂಡ, ಅರ್ಧ ನಿಮಿಷ.
ಹೆಡ್‌ಮಾಸ್ತರು ಬಂದು ಬೋರ್ಡು ಮಾಡಿಸಿದರು
'ಲೋಹಿತ್ ಅವರು ಕುಳಿತ ಬೆಂಚು',
ಹನ್ನೆರಡಕ್ಕೆ ಹದಿನೆಂಟು ಇಂಚು.
ಆ ಬೆಂಚಿನ ಮೇಲೆ ಅವನನ್ನು ನಿಲ್ಲಿಸಿದ್ದೇ ಹೆಚ್ಚು.

ಸನ್ಮಾನದ ಹಿಂದಿನ ರಾತ್ರಿ, ಹತ್ತೂವರೆ.
ವೇದಿಕೆಯ ಹಿಂದಿನ ಫ್ಲೆಕ್ಸು ಹೊರಡಲಿಕ್ಕಿತ್ತು.
ಅರ್ಧ ಇಳಿದ ಷಟರಿನಡಿ ಬಗ್ಗಿ ಬಂದವನ
ಮೂಗಿನ ಮೇಲೆ ಕಲೆ.
ಗುರುತು ಹತ್ತಿದ್ದೇ ಅದರಿಂದ, ಒರೆಸಿದವನು ನಾನಲ್ಲವೆ.
'ಅಣ್ಣ, ಇನಾಯತ್ ಸಾಬರದ್ದೊಂದು ಫೋಟೋ ಸೇರಿಸಕ್ಕಾಗ್ತದ?
ಮೂರು ತಿಂಗಳು ಅವರ ಪಕ್ಕ ಕೂತಿದ್ದೆ.
ಗೂಡನ್ನ ಕಿವಿಗೆ ಹಿಡಿದು ಅಲ್ಲಾಡಿಸೋರು,
ಇದು ಗಟ್ಟಿ, ಇದು ಜೊಳ್ಳು, ಇದರ ಹುಳ ಸುಳ್ಳಾಡ್ತದೆ.
ನನ್ನ ಫೋನು ಕಲಿತದ್ದೆಲ್ಲ ಅವರ ಕಿವಿ.'

ಜಾಗ ಇಲ್ಲ, ಅಂದೆ.
ಬಚ್ಚಣ್ಣ, ಬಚ್ಚಣ್ಣನ ಮಗ, ಮಗನ ಗೆಳೆಯರು ಹದಿನಾಲ್ಕು ಜನ
ದುಂಡು ದುಂಡಗೆ ತುಂಬಿದ್ದರು.
ಅವನು ಪರದೆ ನೋಡುತ್ತ ನಿಂತ.
'ಆ ಸೊನ್ನೆ ತೆಗೆದರೆ?'

ಗಿರಾಕಿ ಬಚ್ಚಣ್ಣ, ನೀನಲ್ಲ, ಅಂದೆ.
ಅಂದ ಮೇಲೆ ನನಗೇ ಒಂಥರಾ ಆಯಿತು.
'ನೂರೂ ನನ್ನದಲ್ಲ ಬಿಡಣ್ಣ, ಹಾಕಿದವರದ್ದು.
ನನಗೆ ಸಂಬಳ. ಈ ತಿಂಗಳು ಅದೂ ಬಂದಿಲ್ಲ.'
ಮಷೀನಿನಿಂದ ಅವನ ಗಲ್ಲ
ಇಂಚಿಂಚಾಗಿ ಹೊರಗೆ ಬರುತ್ತಿತ್ತು.
ಕೈ ಚಾಚಿದ.
ಮುಟ್ಟಬೇಡ, ಅಂಟುತ್ತೆ, ಅಂದೆ.

ಈಗ ಆಷಾಢ.
ಬಚ್ಚಣ್ಣನ ಬಾಕಿ ಹಾಗೇ ಇದೆ.
ಇನಾಯತ್ ಸಾಬರ ಫಿಲೇಚರಿನ ಪಡುಗಡೆ
ಗಾಳಿಗೆ ಅಡ್ಡ ಅದೇ ಫ್ಲೆಕ್ಸು, ಮುಖ ಒಳಕ್ಕೆ ಮಾಡಿ.
ಹಬೆಗೆ ಹುಡುಗನ ಕೆನ್ನೆ ಬೆವರುತ್ತದೆ.
ಭೂಗೋಳ ಸೌದೆಯ ಮೇಲೆ.
ಆ ಫೋನು ಹೇಗೆ ಸಾಬರೇ, ಅಂತ ಕೇಳಿದೆ.
'ಹುಡುಗ ಒಳ್ಳೆಯವನು. ಹತ್ತಕ್ಕೆ ಏಳು ಸರಿ ಹೇಳ್ತದೆ.'
ನೀವು?
'ಎಂಟು. ನೆಗಡಿ ಆದರೆ ಆರು.'

ಸೊನ್ನೆಗಳು ಮೂರೂ ಬಾಗಿಲ ಪಕ್ಕ ಸಾಲಾಗಿದ್ದವು,
ಕೆಲಸದಲ್ಲಿ ದೋಷವಿಲ್ಲ, ಅಂಚು ದುಂಡಗೆ, ಗೂಡಿನ ಹಾಗೆ.
ಯಾರೂ ನೋಡದಾಗ
ಮೂರನೆಯದಕ್ಕೆ ಕಿವಿ ಇಟ್ಟೆ.
'ಏನಂತದಪ್ಪ?' ಅಂದರು ಸಾಬರು,
ಬಿಸಿನೀರಿನಿಂದ ಕೈ ಎತ್ತದೆ.